ನೀರು ಕುಡಿದು ಹಾರಿದ ವಿಮಾನಗಳು

ಅಮೆರಿಕದ ವರ್ಜೀನಿಯಾದಲ್ಲಿರುವ ಮಗಳ ಮನೆಗೆ ಹೋದಾಗ ಯಾವ ದಿನ ಯಾವ ಊರು ತೋರಿಸಬೇಕು ಎನ್ನುವುದನ್ನು ನಮ್ಮ ಅಳಿಯಂದಿರೇ ನಿರ್ಧರಿಸುವುದು ರೂಢಿ. ಈ ಸಲ ಆ ಅಧಿಕಾರವನ್ನು ಹನ್ನೊಂದು ವರ್ಷದ ಮೊಮ್ಮಗ ಕಿತ್ತುಕೊಂಡ. "ತಾತ, ಶ್ವೇತಭವನವನ್ನ ಬೇಲಿ ಆಚೆಯಿಂದ ನೋಡೋದು ಅಷ್ಟೆ. ಅದು ಬೇಡ. ವಿಮಾನದ ಮ್ಯೂಸಿಯಂಗೆ ಹೋಗೋಣ" ಅಂದ. ಎರಡನೆಯ ಮಹಾಯುದ್ಧದ ವಿಮಾನಗಳನ್ನು ಹಾರಿಸುವ ಕಂಪ್ಯೂಟರ್ ಆಟವೊಂದರ ಹುಚ್ಚು ಅವನಿಗೆ. ರಾತ್ರಿ ಊಟಕ್ಕೆ ಕೂತಾಗ "ಇವತ್ತು ಹದಿನಾಲ್ಕು ವಿಮಾನ ಉರುಳಿಸಿದೆ" ಎಂದು ಲೆಕ್ಕ ಒಪ್ಪಿಸುತ್ತಾನೆ. ಅವನ ಅಜ್ಜಿ, ಏನೋ ಒಳ್ಳೆಯ ಮಾರ್ಕ್ಸ್ ಬಂದಿದೆ ಎಂದುಕೊಂಡು "ಜಾಣ ಮರಿ" ಅನ್ನುತ್ತಾಳೆ.

ಹೊರಡುವ ಬೆಳಿಗ್ಗೆ ಮಗಳು ದೋಸೆ ಹುಯ್ಯುತ್ತಿದ್ದಳು. ಪಕ್ಕದಲ್ಲಿ ನಿಂತು ಮೊಮ್ಮಗ ನನಗೆ ಒಂದು ಒಗಟು ಹಾಕಿದ. "ತಾತ, ಬೆಂಕಿಗೆ ನೀರು ಹಾಕಿದರೆ ಆರುತ್ತೆ ಅಲ್ವಾ? ಆದರೆ ಥಂಡರ್‌ಬೋಲ್ಟ್ ವಿಮಾನದಲ್ಲಿ ಇಂಜಿನ್ ಒಳಗೆ ನೀರು ಬಿಡ್ತಾರೆ. ಆಗ ವಿಮಾನ ಇನ್ನೂ ಜೋರಾಗಿ ಹೋಗುತ್ತೆ. ಯಾಕೆ ಹೇಳಿ ನೋಡೋಣ." ನಾನು ಓದಿದ್ದು ಬಿ.ಕಾಂ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಜೀವಮಾನ ಕಳೆದವನು. ಸ್ಕೂಟರಿನ ಪೆಟ್ರೋಲಿಗೆ ನೀರು ಸೇರಿದರೆ ತಳ್ಳಿಕೊಂಡು ಮೆಕ್ಯಾನಿಕ್ ಹತ್ತಿರ ಹೋಗಬೇಕು ಎನ್ನುವುದಷ್ಟೇ ಗೊತ್ತು. "ಸುಳ್ಳು ಹೇಳ್ತೀಯ" ಅಂದೆ. "ಮ್ಯೂಸಿಯಂನಲ್ಲಿ ಕೇಳೋಣ ನಡೀರಿ" ಎಂದು ಸವಾಲು ಹಾಕಿದ.

ಮೂರು ಮೈದಾನದ ಉದ್ದದ ಹ್ಯಾಂಗರು

ವಾಷಿಂಗ್ಟನ್ ನಗರದಿಂದ ಸುಮಾರು 45 ಕಿ.ಮೀ. ದೂರದ ಶಾಂಟಿಲಿ ಎಂಬಲ್ಲಿ, ಡಲ್ಲಸ್ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ಅಂಟಿಕೊಂಡಂತೆ ಈ ಮ್ಯೂಸಿಯಂ ಇದೆ. ಸ್ಮಿತ್ಸೋನಿಯನ್ ಸಂಸ್ಥೆಯ ರಾಷ್ಟ್ರೀಯ ವಾಯು ಮತ್ತು ಬಾಹ್ಯಾಕಾಶ ವಸ್ತುಸಂಗ್ರಹಾಲಯದ ಎರಡನೇ ಮನೆ ಇದು. ಊರೊಳಗಿನ ಮ್ಯೂಸಿಯಂನಲ್ಲಿ ಜಾಗ ಸಾಲದೆ ಇದನ್ನು ಕಟ್ಟಿ 2003ರ ಡಿಸೆಂಬರ್‌ನಲ್ಲಿ ತೆರೆದರು. ಹಂಗೇರಿಯಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದು ವಿಮಾನಗಳನ್ನು ಗುತ್ತಿಗೆಗೆ ಕೊಡುವ ವ್ಯಾಪಾರದಲ್ಲಿ ಬೆಳೆದ ಸ್ಟೀವನ್ ಉಡ್ವಾರ್ ಹೇಜಿ ಎಂಬ ಉದ್ಯಮಿ ಇದಕ್ಕೆ 6.6 ಕೋಟಿ ಡಾಲರ್ ಕೊಟ್ಟರು. ಅವರ ಹೆಸರನ್ನೇ ಇಟ್ಟಿದ್ದಾರೆ. ಪ್ರವೇಶ ಉಚಿತ. ಕಾರು ನಿಲ್ಲಿಸುವುದಕ್ಕೆ ಮಾತ್ರ ದುಡ್ಡು ಕೊಡಬೇಕು. "ದೇವರ ದರ್ಶನ ಬಿಟ್ಟಿ, ಚಪ್ಪಲಿ ಸ್ಟ್ಯಾಂಡಿಗೆ ಕಾಸು" ಎಂದಳು ನನ್ನಾಕೆ.

ಒಳಗೆ ಕಾಲಿಟ್ಟರೆ ನಾವು ನಿಲ್ಲುವುದು ಮಹಡಿಯಂಥ ಎತ್ತರದಲ್ಲಿ. ಕೆಳಗೆ ನೋಡಿದರೆ ಕಪ್ಪು ಬಣ್ಣದ ಬ್ಲ್ಯಾಕ್‌ಬರ್ಡ್ ಗೂಢಚಾರಿ ವಿಮಾನ ಮಲಗಿದ ಮೊಸಳೆಯ ಹಾಗೆ ಕಾಣುತ್ತದೆ. ಅದರ ಹಿಂದಿನ ಹಾಲ್‌ನಲ್ಲಿ ಡಿಸ್ಕವರಿ ಬಾಹ್ಯಾಕಾಶ ನೌಕೆ. ಹ್ಯಾಂಗರಿನ ಎತ್ತರ ಹತ್ತು ಮಹಡಿಯಷ್ಟು, ಉದ್ದ ಮೂರು ಫುಟ್‌ಬಾಲ್ ಮೈದಾನಗಳಷ್ಟು. ನೆಲದ ಮೇಲೆ ವಿಮಾನ, ತಲೆಯ ಮೇಲೆ ವಿಮಾನ. ನನ್ನ ಮೊಮ್ಮಗ ಇವು ಯಾವುದನ್ನೂ ನೋಡದೆ, ಬಾಗಿಲ ಹತ್ತಿರವೇ ತೂಗುತ್ತಿದ್ದ ಒಂದು ಕಡುನೀಲಿ ವಿಮಾನದ ಮುಂದೆ ನಿಂತುಬಿಟ್ಟ. ಅದು ಕೋರ್ಸೇರ್. ಹಾರುವ ಕಡಲಹಕ್ಕಿಯ ರೆಕ್ಕೆಯಂತೆ ಅದರ ರೆಕ್ಕೆ ಮಧ್ಯದಲ್ಲಿ ಬಾಗಿದೆ. ಮೂತಿಯಲ್ಲಿ ನಾಲ್ಕು ಮೀಟರಿನಷ್ಟು ಅಗಲಕ್ಕೆ ತಿರುಗುವ ದೊಡ್ಡ ಪ್ರೊಪೆಲ್ಲರ್. ಅದು ನೆಲಕ್ಕೆ ತಾಗಬಾರದು, ಚಕ್ರದ ಕಾಲುಗಳೂ ತುಂಬ ಉದ್ದವಾಗಬಾರದು ಎಂದು ರೆಕ್ಕೆಯನ್ನೇ ಬಗ್ಗಿಸಿದ್ದಾರೆ.

"ಇದರ ಇಂಜಿನ್ ಹೆಸರಿನ ಕೊನೇಲಿ ಡಬ್ಲ್ಯೂ ಅಂತ ಇದೆ ತಾತ. ಡಬ್ಲ್ಯೂ ಅಂದರೆ ವಾಟರ್" ಅಂದ ಮೊಮ್ಮಗ. ಅಲ್ಲಿಗೆ ನಾನು ಸೋತೆ. ಹುಡುಗ ಸುಳ್ಳು ಹೇಳಿರಲಿಲ್ಲ.

ಪಂಪಿನ ಬಿಸಿ, ಕಾವಲಿಯ ನೀರು

ನೆಲದ ಮೇಲೆ ಥಂಡರ್‌ಬೋಲ್ಟ್ ನಿಂತಿದೆ. ಪಿ-47 ಎಂದು ಅದರ ಸೈನಿಕ ಹೆಸರು. ಯುದ್ಧದ ಕಾಲದಲ್ಲಿ ಇಂಥವನ್ನು 15 ಸಾವಿರಕ್ಕೂ ಹೆಚ್ಚು ತಯಾರಿಸಿದರು. ಒಬ್ಬನೇ ಕೂರುವ ವಿಮಾನವಾದರೂ ಖಾಲಿ ಇದ್ದಾಗಲೇ ನಾಲ್ಕೂವರೆ ಟನ್ ತೂಕ. ಹೂಜಿಯಂತೆ ದುಂಡಗಿರುವ ಮೈ ನೋಡಿ ಪೈಲಟ್‌ಗಳು ಅದನ್ನು 'ಜಗ್' ಎಂದು ಕರೆಯುತ್ತಿದ್ದರಂತೆ. ಮುಂದೆ ನಿಂತು ಅದರ ಮೂತಿಯೊಳಗೆ ಇಣುಕಿದರೆ ಇಂಜಿನ್ನಿನ ಸಿಲಿಂಡರುಗಳು ಹೂವಿನ ದಳಗಳಂತೆ ವೃತ್ತವಾಗಿ ಕಾಣುತ್ತವೆ. ಮುಂದೆ ಒಂಬತ್ತು, ಅದರ ಹಿಂದೆ ಇನ್ನೊಂದು ಸುತ್ತಿನಲ್ಲಿ ಒಂಬತ್ತು, ಒಟ್ಟು ಹದಿನೆಂಟು. ಪ್ರಾಟ್ ಅಂಡ್ ವಿಟ್ನಿ ಕಂಪನಿಯ ಆರ್-2800 ಇಂಜಿನ್ ಇದು. ನಮ್ಮ ಸಣ್ಣ ಕಾರಿನ ಇಂಜಿನ್ನಿನ ಒಳಗಿನ ಅಳತೆ ಒಂದು ಲೀಟರ್ ಇದ್ದರೆ, ಇದರದು 46 ಲೀಟರ್. ಕೋರ್ಸೇರ್ ವಿಮಾನಕ್ಕೂ ಇದೇ ಕುಟುಂಬದ ಇಂಜಿನ್.

ಅಲ್ಲಿ ಬಂದವರಿಗೆ ವಿವರಿಸಲೆಂದು ನಿಂತಿರುವ ಸ್ವಯಂಸೇವಕರಿದ್ದಾರೆ. ಬಹುತೇಕ ನನ್ನ ವಯಸ್ಸಿನವರು. ಥಂಡರ್‌ಬೋಲ್ಟ್ ಪಕ್ಕದಲ್ಲಿದ್ದವರು ಕೆಲಸದಲ್ಲಿದ್ದಾಗ ವಿಮಾನದ ಮೆಕ್ಯಾನಿಕ್ ಆಗಿದ್ದವರು. ಮೊಮ್ಮಗ ನನ್ನ ಪರವಾಗಿ ಪ್ರಶ್ನೆ ಕೇಳಿದ. ಅವರು ನಗುತ್ತಾ ಮೊದಲು ಅವನಿಗೇ ಒಂದು ಪ್ರಶ್ನೆ ಹಾಕಿದರು. ಸೈಕಲ್ಲಿಗೆ ಗಾಳಿ ಹೊಡೆದ ಮೇಲೆ ಪಂಪಿನ ತುದಿ ಮುಟ್ಟಿದ್ದೀಯಾ? ಬಿಸಿಯಾಗಿರುತ್ತದೆ, ಹೌದಲ್ಲ?

ಅಲ್ಲಿಂದ ಅವರು ಹೇಳಿದ್ದನ್ನು ನನಗೆ ಅರ್ಥವಾದ ಮಟ್ಟಿಗೆ ಇಲ್ಲಿ ಬರೆಯುತ್ತೇನೆ. ಇಂಜಿನ್ನಿಗೆ ಹೆಚ್ಚು ಶಕ್ತಿ ಬೇಕಾದರೆ ಹೆಚ್ಚು ಪೆಟ್ರೋಲ್ ಉರಿಯಬೇಕು. ಅದು ಉರಿಯಲು ಹೆಚ್ಚು ಗಾಳಿ ಬೇಕು. ಮೇಲೆ ಹೋದಷ್ಟೂ ಗಾಳಿ ತೆಳ್ಳಗಾಗುತ್ತದೆ. ಅದಕ್ಕೆ ಸೂಪರ್‌ಚಾರ್ಜರ್ ಎಂಬ ಗಾಳಿಪಂಪು ಇಟ್ಟಿರುತ್ತಾರೆ. ಥಂಡರ್‌ಬೋಲ್ಟ್‌ನಲ್ಲಿ ಇಂಜಿನ್ ಬಿಡುವ ಬಿಸಿ ಹೊಗೆಯಿಂದಲೇ ತಿರುಗುವ ಇನ್ನೊಂದು ಪಂಪು ಪೈಲಟ್‌ನ ಬೆನ್ನ ಹಿಂದೆ, ಬಾಲದ ಕಡೆಗೆ ಇದೆ. ವಿಮಾನದ ಹೊಟ್ಟೆ ಅಷ್ಟು ದಪ್ಪಗಿರುವುದಕ್ಕೆ ಆ ಪಂಪು ಮತ್ತು ಅದರ ಕೊಳವೆಗಳೂ ಕಾರಣ. ನೆಲದ ಮೇಲಿನ ಗಾಳಿಯ ಒತ್ತಡ ಪಾದರಸದ ಲೆಕ್ಕದಲ್ಲಿ 30 ಅಂಗುಲ. ಈ ಪಂಪುಗಳು ಅದನ್ನು 50 ಅಂಗುಲ ದಾಟಿಸಿ ಸಿಲಿಂಡರಿಗೆ ತುರುಕುತ್ತವೆ.

ಆದರೆ ತುರುಕಿದ ಗಾಳಿ ಸೈಕಲ್ ಪಂಪಿನ ಹಾಗೆ ಬಿಸಿಯಾಗುತ್ತದೆ. ತೊಂದರೆ ಶುರುವಾಗುವುದು ಅಲ್ಲಿ. ಸರಿಯಾಗಿ ನಡೆಯುವ ಇಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸಿದ ಕಡೆಯಿಂದ ಬೆಂಕಿ ಒಂದೇ ಹದದಲ್ಲಿ ಹರಡುತ್ತಾ ಹೋಗುತ್ತದೆ, ಒಣಹುಲ್ಲಿನ ಸಾಲಿಗೆ ಒಂದು ತುದಿಯಲ್ಲಿ ಕಡ್ಡಿ ಗೀರಿದ ಹಾಗೆ. ಒಳಗೆ ಬಿಸಿಯೂ ಒತ್ತಡವೂ ಮಿತಿಮೀರಿದರೆ, ಬೆಂಕಿ ತಲುಪುವ ಮೊದಲೇ ಉಳಿದ ಪೆಟ್ರೋಲ್ ಆವಿ ಒಂದೇ ಏಟಿಗೆ ತಾನಾಗಿ ಸಿಡಿಯುತ್ತದೆ. ಪಿಸ್ಟನ್ ಮೇಲೆ ಸುತ್ತಿಗೆಯಿಂದ ಹೊಡೆದ ಹಾಗೆ. ಇದು ಮುಂದುವರಿದರೆ ಪಿಸ್ಟನ್ ಕರಗುತ್ತದೆ, ತೂತು ಬೀಳುತ್ತದೆ. ಆಕಾಶದಲ್ಲಿ ಇಂಜಿನ್ ನಿಲ್ಲುತ್ತದೆ. ತಳ್ಳಿಕೊಂಡು ಮೆಕ್ಯಾನಿಕ್ ಹತ್ತಿರ ಹೋಗುವುದಕ್ಕೆ ಅಲ್ಲಿ ರಸ್ತೆ ಇಲ್ಲ.

ಇದನ್ನು ತಡೆಯಲು ಮೊದಲು ಮಾಡುತ್ತಿದ್ದ ಉಪಾಯವೆಂದರೆ, ಉರಿಯಲು ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲ್ ಚಿಮುಕಿಸುವುದು. ಪೆಟ್ರೋಲ್ ಆವಿಯಾಗುವಾಗ ಸ್ವಲ್ಪ ಬಿಸಿ ಹೀರಿಕೊಳ್ಳುತ್ತದೆ. ಆದರೆ ಆ ಹೆಚ್ಚುವರಿ ಪೆಟ್ರೋಲ್ ಪೂರ್ತಿ ಉರಿಯದೆ ಹೊಗೆಯಾಗಿ ಹೋಗುತ್ತದೆ. ಪೆಟ್ರೋಲನ್ನು ಬರೀ ತಂಪು ಮಾಡಲು ಸುರಿಯುವುದೆಂದರೆ ಕಾವಲಿ ಆರಿಸಲು ತುಪ್ಪ ಸುರಿದ ಹಾಗೆ.

ಇಲ್ಲಿಗೆ ಬಂದಾಗ ನನಗೆ ಬೆಳಗಿನ ದೋಸೆ ನೆನಪಾಯಿತು. "ಅಮ್ಮ ಕಾವಲಿ ಮೇಲೆ ಏನು ಚಿಮುಕಿಸಿದಳು?" ಎಂದು ಮೊಮ್ಮಗನನ್ನು ಕೇಳಿದೆ. "ನೀರು" ಅಂದ. "ಯಾಕೆ?" "ಕಾವಲಿ ತುಂಬ ಕಾದಿತ್ತು, ಹಿಟ್ಟು ಹುಯ್ಯೋಕೆ ಮುಂಚೆ ಸ್ವಲ್ಪ ಆರಬೇಕಿತ್ತು..." ಅವನ ಕಣ್ಣು ಅಗಲವಾಯಿತು.

ಅಷ್ಟೇ ಕಥೆ. ನೀರು ಆವಿಯಾಗುವಾಗ ಹೀರುವಷ್ಟು ಬಿಸಿಯನ್ನು ಪೆಟ್ರೋಲ್ ಹೀರುವುದಿಲ್ಲ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 540 ಕ್ಯಾಲೊರಿ ಶಾಖ ಬೇಕು. ಅದೇ ತೂಕದ ಪೆಟ್ರೋಲಿಗಿಂತ ಇದು ಆರೇಳು ಪಟ್ಟು ಹೆಚ್ಚು. ಗಾಳಿ ಮತ್ತು ಪೆಟ್ರೋಲ್ ಸಿಲಿಂಡರಿಗೆ ಹೋಗುವ ದಾರಿಯಲ್ಲೇ ಸಣ್ಣ ಹನಿಗಳಾಗಿ ನೀರು ಚಿಮುಕಿಸಿದರೆ ಒಳಗಿನ ಬಿಸಿ ಇಳಿಯುತ್ತದೆ, ಸಿಡಿತ ನಿಲ್ಲುತ್ತದೆ. ಆಗ ಎರಡು ಲಾಭ. ಒಂದು, ತಂಪಿಗೆಂದು ಸುರಿಯುತ್ತಿದ್ದ ಹೆಚ್ಚುವರಿ ಪೆಟ್ರೋಲನ್ನು ಕಡಿಮೆ ಮಾಡಬಹುದು. ನೀರು ಹರಿದ ಕೂಡಲೇ ಒಂದು ಕವಾಟ ತಾನಾಗಿ ಪೆಟ್ರೋಲನ್ನು ತಗ್ಗಿಸುತ್ತಿತ್ತು. ಎರಡು, ಪಂಪಿನಿಂದ ಇನ್ನಷ್ಟು ಗಾಳಿ ತುರುಕಬಹುದು. ನೀರು ಉರಿಯುವುದಿಲ್ಲ, ಅದರಿಂದ ಶಕ್ತಿಯೂ ಬರುವುದಿಲ್ಲ. ಇಂಜಿನ್ನಿನಲ್ಲಿ ಮೊದಲೇ ಇದ್ದು, ಹೊರಗೆ ತೆಗೆಯಲು ಹೆದರುತ್ತಿದ್ದ ಶಕ್ತಿಯನ್ನು ತೆಗೆಯಲು ಅದು ಧೈರ್ಯ ಕೊಡುತ್ತದೆ.

ಬರೀ ನೀರಾದರೆ ಎತ್ತರದ ಚಳಿಯಲ್ಲಿ ಹೆಪ್ಪುಗಟ್ಟಿಬಿಡುತ್ತದೆ. ಅದಕ್ಕೆ ಮೆಥನಾಲ್ ಎಂಬ ಮದ್ಯಸಾರವನ್ನು ಹೆಚ್ಚುಕಡಿಮೆ ಅರ್ಧಕ್ಕರ್ಧ ಬೆರೆಸುತ್ತಿದ್ದರು. ಮೆಥನಾಲ್ ಕೂಡ ಬಿಸಿ ಹೀರುತ್ತದೆ, ಮೇಲಾಗಿ ಉರಿಯುತ್ತದೆ. ನಮ್ಮ ಕಡೆ ಕಳ್ಳಭಟ್ಟಿ ದುರಂತಗಳಲ್ಲಿ ಜನರ ಕಣ್ಣು, ಪ್ರಾಣ ತೆಗೆಯುವುದು ಇದೇ ಮೆಥನಾಲ್. ಇಂಜಿನ್ನಿಗೆ ಅಮೃತವಾದದ್ದು ಮನುಷ್ಯನಿಗೆ ವಿಷ.

ಇದು ಯುದ್ಧದಲ್ಲಿ ಹೊಸದಾಗಿ ಹೊಳೆದದ್ದೂ ಅಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೇ ಡೊನಾಟ್ ಬಾಂಕಿ ಎಂಬ ಹಂಗೇರಿಯ ಎಂಜಿನಿಯರ್ ನೀರು ಚಿಮುಕಿಸುವ ಇಂಜಿನ್ ಮಾಡಿದ್ದರು. ಕಟ್ಟಡಕ್ಕೆ ಹಣ ಕೊಟ್ಟವರೂ ಹಂಗೇರಿಯವರೇ ಎಂದು ನಾನು ಮೊಮ್ಮಗನಿಗೆ ಹೇಳಿದೆ. ಆ ಸಂಬಂಧದಲ್ಲಿ ಅವನಿಗೆ ಆಸಕ್ತಿ ಇರಲಿಲ್ಲ.

ಐದು ನಿಮಿಷದ ಓವರ್‌ಡ್ರಾಫ್ಟ್

1943–44ರ ಚಳಿಗಾಲದಲ್ಲಿ ಇಂಗ್ಲೆಂಡಿನ ನೆಲೆಗಳಲ್ಲಿದ್ದ ಥಂಡರ್‌ಬೋಲ್ಟ್‌ಗಳಿಗೆ ಈ ವ್ಯವಸ್ಥೆಯನ್ನು ಅಳವಡಿಸತೊಡಗಿದರು. 2000 ಅಶ್ವಶಕ್ತಿಯ ಇಂಜಿನ್ ನೀರು ಬಿಟ್ಟ ಕೂಡಲೇ 2300ಕ್ಕೆ ಏರುತ್ತಿತ್ತು. ಮುನ್ನೂರು ಕುದುರೆ ಹೆಚ್ಚಾದರೆ ಏನಾಯಿತು ಎಂದು ನಮಗೆ ಅನ್ನಿಸಬಹುದು. ಬೆನ್ನ ಹಿಂದೆ ಶತ್ರು ಗುಂಡು ಹಾರಿಸುತ್ತಿರುವಾಗ ಪ್ರಾಣಕ್ಕೂ ಮರಣಕ್ಕೂ ನಡುವೆ ಇರುತ್ತಿದ್ದದ್ದು ಅಷ್ಟೇ ಅಂತರ.

ಆದರೆ ಅದಕ್ಕೆ ಗಡುವಿತ್ತು. ಒಂದು ಸಲಕ್ಕೆ ಐದು ನಿಮಿಷ. ಎಷ್ಟೋ ವಿಮಾನಗಳಲ್ಲಿ ಥ್ರಾಟಲ್ ಸನ್ನೆ ಚಲಿಸುವ ದಾರಿಗೆ ಅಡ್ಡಲಾಗಿ ಒಂದು ತೆಳ್ಳನೆಯ ತಂತಿ ಕಟ್ಟಿರುತ್ತಿದ್ದರು. ತುರ್ತು ಶಕ್ತಿ ಬೇಕಾದರೆ ಅದನ್ನು ಕಿತ್ತುಕೊಂಡು ಸನ್ನೆಯನ್ನು ಮುಂದಕ್ಕೆ ತಳ್ಳಬೇಕು. ನೆಲಕ್ಕಿಳಿದ ಮೇಲೆ ಹರಿದ ತಂತಿ ನೋಡಿ ಮೆಕ್ಯಾನಿಕ್‌ಗೆ ತಿಳಿಯುತ್ತಿತ್ತು, ಇಂಜಿನ್ ಸೊಂಟ ಮುರಿಯುವಂತೆ ದುಡಿದಿದೆ ಎಂದು. ಎಷ್ಟು ನಿಮಿಷ ಎಂದು ಪುಸ್ತಕದಲ್ಲಿ ಬರೆದುಕೊಂಡು ಇಂಜಿನ್ನನ್ನು ಪರೀಕ್ಷೆ ಮಾಡುತ್ತಿದ್ದರು.

ಇದು ನನಗೆ ಬೇಗ ಅರ್ಥವಾಯಿತು. ನಮ್ಮ ಭಾಷೆಯಲ್ಲಿ ಇದು ಓವರ್‌ಡ್ರಾಫ್ಟ್. ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ತೆಗೆಯಬಹುದು. ಆದರೆ ಮಿತಿ ಇದೆ, ಅವಧಿ ಇದೆ, ಬಡ್ಡಿ ಇದೆ. ತೆಗೆದದ್ದು ಲೆಡ್ಜರಿನಲ್ಲಿ ದಾಖಲಾಗಲೇಬೇಕು. ಇಲ್ಲಿ ಬಡ್ಡಿ ಕಟ್ಟುವುದು ಇಂಜಿನ್ನಿನ ಆಯುಷ್ಯ. ಅಂಗಡಿ ಉಳಿಸಿಕೊಳ್ಳಲು ಓವರ್‌ಡ್ರಾಫ್ಟ್ ತೆಗೆದವರನ್ನೂ ನೋಡಿದ್ದೇನೆ, ಅದನ್ನೇ ಸಂಪಾದನೆ ಎಂದು ತಿಳಿದು ಮುಳುಗಿದವರನ್ನೂ ನೋಡಿದ್ದೇನೆ.

"ಐದು ನಿಮಿಷ ಆದಮೇಲೂ ಹಿಂದೆ ಶತ್ರು ಇದ್ದರೆ?" ಎಂದು ಮೊಮ್ಮಗ ಆ ಹಿರಿಯರನ್ನು ಕೇಳಿದ. ಆಟದಲ್ಲಿ ಹಾಗಾದರೆ ವಿಮಾನ ಸುಟ್ಟು ಮತ್ತೆ ಮೊದಲಿಂದ ಶುರು. ಅವರು ತಕ್ಷಣ ಉತ್ತರ ಕೊಡಲಿಲ್ಲ. ಆಮೇಲೆ, ಗಡಿಯಾರ ನೋಡುವುದಕ್ಕೆ ಅವನಿಗೆ ಪುರುಸೊತ್ತೆಲ್ಲಿರುತ್ತದೆ ಮಗು, ಇಂಜಿನ್ ಕೆಟ್ಟರೆ ಬೇರೆ ಹಾಕಬಹುದು, ಪೈಲಟ್‌ನ ತಾಯಿಗೆ ಬೇರೆ ಮಗನನ್ನು ಕೊಡುವುದಕ್ಕೆ ಆಗುವುದಿಲ್ಲ ಎಂಬ ಅರ್ಥದ ಮಾತು ಹೇಳಿದರು. ಮೊಮ್ಮಗ ನನ್ನ ಕೈ ಹಿಡಿದುಕೊಂಡ.

ಬೆಂಗಳೂರಿಗೆ ಬಂದ ಟ್ಯಾಂಕ್

ಅದೇ ಹ್ಯಾಂಗರಿನಲ್ಲಿ ಎದುರು ಪಕ್ಷದ ವಿಮಾನವೂ ಇದೆ. ಜರ್ಮನಿಯ ಫೋಕ್ ವುಲ್ಫ್ 190. ಯುದ್ಧ ಮುಗಿದ ಮೇಲೆ ವಶಪಡಿಸಿಕೊಂಡು ಅಮೆರಿಕಕ್ಕೆ ತಂದದ್ದು. ಜರ್ಮನರೂ ಇದೇ ಉಪಾಯ ಮಾಡಿದ್ದರು. ಅವರ ಮಿಶ್ರಣಕ್ಕೆ ಎಂ.ಡಬ್ಲ್ಯೂ. 50 ಎಂದು ಹೆಸರು. ಶೇ 50 ಮೆಥನಾಲ್, ಶೇ 49.5 ನೀರು, ಉಳಿದ ಅರ್ಧ ಭಾಗ ತುಕ್ಕು ಹಿಡಿಯದಿರಲು ಒಂದು ಎಣ್ಣೆ. ಹತ್ತು ನಿಮಿಷ ಬಳಸಿದರೆ ಐದು ನಿಮಿಷವಾದರೂ ಬಿಡುವು ಕೊಡಬೇಕು ಎಂಬುದು ಅವರ ನಿಯಮ. ಎತ್ತರದಲ್ಲಿ ಗಾಳಿ ಸಾಲದ ಕಡೆ ನೈಟ್ರಸ್ ಆಕ್ಸೈಡ್, ಅಂದರೆ ದಂತವೈದ್ಯರು ಬಳಸುವ ನಗಿಸುವ ಅನಿಲವನ್ನೂ ಇಂಜಿನ್ನಿಗೆ ಬಿಡುತ್ತಿದ್ದರು. ಅದರಲ್ಲಿ ಆಮ್ಲಜನಕವಿದೆ. ನೀರು ಇಂಜಿನ್ನನ್ನು ತಣ್ಣಗಿಡುತ್ತಿತ್ತು, ಈ ಅನಿಲ ಅದಕ್ಕೆ ಉಸಿರು ಕೊಡುತ್ತಿತ್ತು. ಫೋಕ್ ವುಲ್ಫ್‌ನ ಕೆಲವು ಮಾದರಿಗಳಲ್ಲಿ ನೀರಿನ ಬದಲು ಪೆಟ್ರೋಲನ್ನೇ ಹೆಚ್ಚಾಗಿ ಚಿಮುಕಿಸಿ ಕೆಳಮಟ್ಟದಲ್ಲಿ ವೇಗ ಪಡೆಯುತ್ತಿದ್ದರು.

ಈ ವಿಮಾನವನ್ನು ರೂಪಿಸಿದವರ ಹೆಸರು ಓದಿದಾಗ ನಾನು ಮೊಮ್ಮಗನಿಗೆ ಮೊದಲ ಸಲ ಗುರುವಾದೆ. ಕುರ್ಟ್ ಟ್ಯಾಂಕ್! "ಇವರು ನಮ್ಮ ಬೆಂಗಳೂರಿಗೆ ಬಂದಿದ್ದರು ಕಣೋ" ಅಂದೆ. ನಂಬಲಿಲ್ಲ. ಈಗ ಸುಳ್ಳುಗಾರನ ಪಟ್ಟ ನನ್ನದಾಗಿತ್ತು.

ಕುರ್ಟ್ ಟ್ಯಾಂಕ್ ವಿಮಾನದ ನಕ್ಷೆ ಬರೆಯುವುದಲ್ಲದೆ ಅದನ್ನು ತಾವೇ ಹಾರಿಸುತ್ತಿದ್ದವರು. 1944ರ ಕೊನೆಯಲ್ಲಿ ತಮ್ಮ ಹೊಸ ವಿಮಾನ ಟಿಎ 152ರಲ್ಲಿ ಒಬ್ಬರೇ ಹೋಗುತ್ತಿದ್ದಾಗ ಅಮೆರಿಕದ ಮಸ್ಟಾಂಗ್ ವಿಮಾನಗಳು ಬೆನ್ನು ಹತ್ತಿದವಂತೆ. ಅವರು ಎಂ.ಡಬ್ಲ್ಯೂ. 50 ಬಿಟ್ಟು ವೇಗ ಹೆಚ್ಚಿಸಿಕೊಂಡು ಕೈಗೆ ಸಿಗದೆ ಪಾರಾದರು ಎಂದು ವಿಮಾನಗಳ ಚರಿತ್ರೆ ಬರೆದವರು ಹೇಳುತ್ತಾರೆ. ಅಂದು ನೀರಿನಿಂದ ಬದುಕಿದ ಆ ಮನುಷ್ಯ 1956ರಲ್ಲಿ ಭಾರತಕ್ಕೆ ಬಂದು ಬೆಂಗಳೂರಿನ ಎಚ್‌ಎಎಲ್‌ನಲ್ಲಿ ನಮ್ಮ ಎಂಜಿನಿಯರುಗಳ ಜೊತೆ ಸೇರಿ 'ಮಾರುತ' ಎಂಬ ಜೆಟ್ ಯುದ್ಧವಿಮಾನ ರೂಪಿಸಿದರು. 1961ರ ಜೂನ್ 17ರಂದು ಅದು ಮೊದಲ ಸಲ ಹಾರಿತು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಕೆಲಸ ಮಾಡಿತು. ಮಾರುತಕ್ಕೆ ಇದ್ದ ಕೊರಗು ಒಂದೇ. ಯಾವ ಬಲಶಾಲಿ ಇಂಜಿನ್ನನ್ನು ಮನಸ್ಸಿನಲ್ಲಿಟ್ಟು ಅದರ ಮೈ ಕಟ್ಟಿದರೋ ಆ ಇಂಜಿನ್ ಕೊನೆಗೂ ಸಿಗಲಿಲ್ಲ. ಇಂಜಿನ್ನಿನಿಂದ ಶಕ್ತಿ ಹಿಂಡುವ ವಿದ್ಯೆ ಬಲ್ಲವರ ವಿಮಾನ ಕಡಿಮೆ ಶಕ್ತಿಯಲ್ಲೇ ಹಾರಬೇಕಾಯಿತು. ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಮುಂದೆ ನಿಂತಿರುವ ವಿಮಾನವನ್ನು ಮಕ್ಕಳು ನೋಡಿರಬಹುದು. ಅದೇ ಮಾರುತ.

ನೀರು ಕುಡಿಸುವ ವಿದ್ಯೆ ಯುದ್ಧದೊಂದಿಗೆ ಮುಗಿಯಲಿಲ್ಲ. ಆಮೇಲೆ ಬಂದ ಜೆಟ್ ಮತ್ತು ಟರ್ಬೊ ಇಂಜಿನ್‌ಗಳಿಗೂ ನೆಲ ಬಿಡುವಾಗ ನೀರು ಚಿಮುಕಿಸುತ್ತಿದ್ದರು. ನಮ್ಮ ಕಾನ್ಪುರದಲ್ಲಿ ಎಚ್‌ಎಎಲ್ ತಯಾರಿಸಿದ, ಒಂದು ಕಾಲದಲ್ಲಿ ಇಂಡಿಯನ್ ಏರ್‌ಲೈನ್ಸ್ ಓಡಿಸುತ್ತಿದ್ದ ಆವ್ರೊ ವಿಮಾನದ ಡಾರ್ಟ್ ಇಂಜಿನ್ನಿಗೂ ಈ ನೀರು–ಮೆಥನಾಲ್ ವ್ಯವಸ್ಥೆ ಇತ್ತು. ಬಿಸಿಲಿನ ದಿನ ಗಾಳಿ ಹಗುರವಾಗಿರುವಾಗ ಮೇಲೇರಲು ಅದು ಬೇಕಾಗುತ್ತಿತ್ತು. ಅದರಲ್ಲಿ ಹಾರಿದ ನಮ್ಮವರು ಎಷ್ಟೋ ಮಂದಿ ಗೊತ್ತಿಲ್ಲದೆಯೇ ನೀರಿನ ಬಲದಲ್ಲಿ ಆಕಾಶಕ್ಕೆ ಏರಿದ್ದಾರೆ.

ಬೆಳ್ಳಿ ಬಣ್ಣದ ವಿಮಾನ

ಇನ್ನೊಂದು ವಿಮಾನ ನೋಡದೆ ಆ ಹ್ಯಾಂಗರ್ ಬಿಟ್ಟು ಬರುವುದಕ್ಕಾಗುವುದಿಲ್ಲ. ಬೆಳ್ಳಿಯಂತೆ ಹೊಳೆಯುವ ದೊಡ್ಡ ವಿಮಾನ. ಮೂತಿಯ ಪಕ್ಕದಲ್ಲಿ 'ಎನೋಲಾ ಗೇ' ಎಂದು ಬರೆದಿದೆ. ಪೈಲಟ್‌ನ ತಾಯಿಯ ಹೆಸರದು. 1945ರ ಆಗಸ್ಟ್ 6ರ ಬೆಳಿಗ್ಗೆ ಹಿರೋಷಿಮಾ ಮೇಲೆ ಅಣುಬಾಂಬ್ ಹಾಕಿದ ವಿಮಾನ.

ಮೊಮ್ಮಗನಿಗೆ ಅದರ ರೆಕ್ಕೆಯ ಉದ್ದ, ಇಂಜಿನ್ನುಗಳ ಹೆಸರು ಎಲ್ಲ ಗೊತ್ತು. "ಎಷ್ಟು ಜನ ಸತ್ತರು ತಾತ?" ಎಂದು ಕೇಳಿದ. ಆ ವರ್ಷ ಮುಗಿಯುವುದರೊಳಗೆ ಸುಮಾರು ಒಂದು ಲಕ್ಷ ನಲವತ್ತು ಸಾವಿರ ಎಂದು ಅಂದಾಜಿದೆ ಎಂದೆ. "ಅದರಲ್ಲಿ ಸೈನಿಕರು ಎಷ್ಟು?" "ಹೆಚ್ಚಿನವರು ಸೈನಿಕರಲ್ಲ. ನಿನ್ನ ವಯಸ್ಸಿನ ಮಕ್ಕಳೂ ಇದ್ದರು." ಅವನು ಇನ್ನೇನೂ ಕೇಳಲಿಲ್ಲ.

ಮೇಲಿನ ನಡೆದಾರಿಯ ಬೆಂಚಿನ ಮೇಲೆ ನಾವಿಬ್ಬರೂ ಕೂತೆವು. ಅಲ್ಲಿ ಅವನಿಗೆ ನನ್ನ ತಾಯಿ ಹೇಳುತ್ತಿದ್ದದ್ದನ್ನು ಹೇಳಿದೆ.

ನನ್ನ ತಾಯಿಯ ತವರು ಯಲಹಂಕದ ಹತ್ತಿರದ ಒಂದು ಹಳ್ಳಿ. ಯುದ್ಧದ ವರ್ಷಗಳಲ್ಲಿ ಬೆಂಗಳೂರೆಂದರೆ ವಿಮಾನಗಳ ಊರು. ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಜೊತೆ ಸೇರಿ 1940ರಲ್ಲಿ ಶುರು ಮಾಡಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಅಮೆರಿಕದ ಸೇನಾ ವಿಮಾನಗಳ ದುರಸ್ತಿ ಹಗಲು ರಾತ್ರಿ ನಡೆಯುತ್ತಿತ್ತು. 1944ರಲ್ಲಿ ಬ್ರಿಟಿಷ್ ವಾಯುಪಡೆಯ ಹಲವು ದಳಗಳು ತಮ್ಮ ಹಳೆಯ ಹರಿಕೇನ್ ವಿಮಾನ ಬಿಟ್ಟು ಥಂಡರ್‌ಬೋಲ್ಟ್ ಹಾರಿಸಲು ಕಲಿತದ್ದು ಇದೇ ಯಲಹಂಕದಲ್ಲಿ. ಕಲಿತು ಅಲ್ಲಿಂದ ಬರ್ಮಾ ಯುದ್ಧಕ್ಕೆ ಹೋದರು. ಅಮ್ಮನಿಗೆ ಆಗ ಹದಿನಾಲ್ಕು ವರ್ಷ. ತಲೆಯ ಮೇಲೆ ವಿಮಾನ ಹೋದರೆ ಎಮ್ಮೆ ಹಗ್ಗ ಹರಿದುಕೊಂಡು ಓಡುತ್ತಿತ್ತಂತೆ, ಅಜ್ಜಿ ಆಕಾಶಕ್ಕೆ ಶಾಪ ಹಾಕುತ್ತಿದ್ದರಂತೆ. ಬಿಸಿಲಿಗೆ ಮುಖವೆಲ್ಲ ಕೆಂಪಾದ ಹುಡುಗರು ಸೈಕಲ್ ಮೇಲೆ ಬಂದು ಕೈಸನ್ನೆಯಲ್ಲಿ ಎಳನೀರು ಕೇಳುತ್ತಿದ್ದರು. ಮೀಸೆಯೂ ಸರಿಯಾಗಿ ಬಂದಿರಲಿಲ್ಲ ಅವಕ್ಕೆ ಎನ್ನುತ್ತಿದ್ದಳು ಅಮ್ಮ. ಒಂದು ದಿನ ಆ ಹುಡುಗರು ಬರುವುದು ನಿಂತಿತು. ಎಂಬತ್ತು ದಾಟಿದ ಮೇಲೂ ವಿಮಾನದ ಸದ್ದು ಕೇಳಿದರೆ ಅಮ್ಮ ಒಂದೇ ಮಾತು ಹೇಳುತ್ತಿದ್ದಳು: "ಆ ಹುಡುಗರೆಲ್ಲ ತಮ್ಮ ಊರು ಸೇರಿಕೊಂಡರೋ ಏನೋ."

ಈ ಮಾತನ್ನು ನಾನು ಎಷ್ಟೋ ವರ್ಷ ಮುದುಕಿಯ ಗೊಣಗಾಟ ಎಂದುಕೊಂಡಿದ್ದೆ. ಅವರು ಹಾರಿಸುತ್ತಿದ್ದ ವಿಮಾನದ ಪಕ್ಕದಲ್ಲಿ ನಿಂತು, ಆ ಮೂತಿಯ ಅಗಲ ನೋಡಿದ ಮೇಲೆ ಹಾಗನ್ನಿಸಲಿಲ್ಲ. ಅವಳು ಎಷ್ಟು ವಿಮಾನ ಬಿತ್ತು ಎಂದು ಎಂದೂ ಲೆಕ್ಕ ಕೇಳಲಿಲ್ಲ. ಎಷ್ಟು ಮಂದಿ ಮನೆಗೆ ಹೋದರು ಎನ್ನುವ ಲೆಕ್ಕ ಬೇಕಿತ್ತು ಅವಳಿಗೆ. ನನ್ನ ಮೂವತ್ತೈದು ವರ್ಷದ ನೌಕರಿಯಲ್ಲಿ ಎರಡೂ ಕಡೆಯ ಲೆಕ್ಕ ತಾಳೆಯಾಗದೆ ಒಂದು ದಿನವೂ ಮನೆಗೆ ಹೋದವನಲ್ಲ. ಯುದ್ಧದ ಲೆಡ್ಜರಿನಲ್ಲಿ ಮಾತ್ರ ನಾವು ಒಂದೇ ಕಡೆ ಕೂಡುತ್ತೇವೆ.

ವಾಪಸು ಬರುವಾಗ ಕಾರಿನ ಹಿಂದಿನ ಸೀಟಿನಲ್ಲಿ ಮೊಮ್ಮಗ ಬಹಳ ಹೊತ್ತು ಸುಮ್ಮನಿದ್ದ. ನಿದ್ದೆ ಬಂದಿದೆ ಎಂದುಕೊಂಡೆ.

"ತಾತ, ಮುತ್ತಜ್ಜಿ ನೋಡಿದ ಹುಡುಗರ ವಿಮಾನಕ್ಕೂ ನೀರು ಇತ್ತಾ?"

"ಬರ್ಮಾಕ್ಕೆ ಬಂದ ಥಂಡರ್‌ಬೋಲ್ಟ್‌ಗಳಲ್ಲೂ ಆ ವ್ಯವಸ್ಥೆ ಇತ್ತು ಕಣೋ."

"ಐದು ನಿಮಿಷ?"

"ಐದು ನಿಮಿಷ."

"ಸಾಕಾಯ್ತಾ ಅವರಿಗೆ?"

ರಂಗೂನಿನ ಹತ್ತಿರ ಟೌಕ್ಯಾನ್ ಎಂಬಲ್ಲಿ ಆ ಯುದ್ಧದಲ್ಲಿ ಸತ್ತವರ ಸ್ಮಶಾನವಿದೆ. ಆರು ಸಾವಿರಕ್ಕೂ ಹೆಚ್ಚು ಸಮಾಧಿಗಳು. ಹನ್ನೊಂದು ವರ್ಷದ ಹುಡುಗನಿಗೆ ಸುಳ್ಳು ಹೇಳುವುದೂ ಸರಿಯಲ್ಲ, ಇಡೀ ಲೆಕ್ಕ ಒಪ್ಪಿಸುವುದೂ ಸರಿಯಲ್ಲ. "ಕೆಲವರಿಗೆ ಸಾಕಾಯಿತು, ಕೆಲವರಿಗೆ ಸಾಲಲಿಲ್ಲ" ಅಂದೆ.

ಅವನು ಆಟ ಬಿಟ್ಟ ಎಂದು ಬರೆದರೆ ಯಾರೂ ನಂಬುವುದಿಲ್ಲ, ನಾನೂ ಬರೆಯುವುದಿಲ್ಲ. ಆ ರಾತ್ರಿಯೂ ಆಡಿದ. ಊಟಕ್ಕೆ ಕೂತಾಗ ಅಜ್ಜಿ ಎಂದಿನಂತೆ "ಇವತ್ತು ಎಷ್ಟಪ್ಪಾ?" ಎಂದಳು. "ಇವತ್ತು ವಾಪಸು ಬಂದು ಲ್ಯಾಂಡ್ ಮಾಡಿದೆ ಅಜ್ಜಿ" ಅಂದ. "ಜಾಣ ಮರಿ" ಎಂದಳು ಅವಳು. ಈ ಸಲ ನಾನೂ ಹೌದು ಎಂದು ತಲೆಯಾಡಿಸಿದೆ.

ಮುಂದಿನ ಬೇಸಿಗೆ ರಜೆಗೆ ಅವನು ಬೆಂಗಳೂರಿಗೆ ಬರುತ್ತಾನೆ. ಮಾರುತದ ಮುಂದೆ ನಿಲ್ಲಿಸಿ ಫೋಟೊ ತೆಗೆಸಿಕೊಳ್ಳಬೇಕು. ಆಮೇಲೆ ಯಲಹಂಕದ ಕಡೆ ಹೋಗಿ ಎಳನೀರು ಕುಡಿಯಬೇಕು ಎಂದು ಇಬ್ಬರೂ ಮಾತಾಡಿಕೊಂಡಿದ್ದೇವೆ.